ಒಂದೇ ರಿಂಗಿನ ಎರಡು ಕೀ

“ಕಳಿಸೋಕೆ ಬೇರೆ ಯಾರೂ ಸಿಗಲಿಲ್ವಾ ಈ ರಿಪೇರಿ ಕಂಪನಿಯವರಿಗೆ!”

ಲಿಟಲ್ ಐಲ್ಯಾಂಡಿನ ಆಫೀಸ್ ಪಾರ್ಕಿಂಗಿನಲ್ಲಿ ರಿಪೇರಿ ವ್ಯಾನಿನಿಂದ ಇಳಿದವನನ್ನು ಕಂಡು ಗಗನಾ ಗೊಣಗಿದಳು. ಅಭಿನಂದನ್! ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಅವಳನ್ನು ಬಿಟ್ಟುಹೋದವನು...

ಅವನು ಗಿರಾಕಿಯನ್ನು ಕೇಳುವಂತೆ ಕೇಳಿದ. “ಏನಾಗಿದೆ?”

“ಸ್ಟಾರ್ಟ್ ಆಗ್ತಿಲ್ಲ. ಕೆಂಪು ಲೈಟ್ ಮಿನುಗ್ತಿದೆ. ಸಂಜೆ ಕಾರನ್ನ ನನ್ನ ಫ್ರೆಂಡ್ ನಿಖಿತಾಗೆ ಕೊಟ್ಟುಬಿಡ್ಬೇಕು. ಶನಿವಾರ ಊರಿಗೆ ಹೋಗ್ತಿದೀನಿ.”

“ರಜಾನಾ?”

“ಕೆಲಸ ಹೋಯ್ತು. ಬೇರೆ ಸಿಗಲಿಲ್ಲ. ಈ ದೇಶದಲ್ಲಿರೋ ವರ್ಕ್ ಪರ್ಮಿಟ್ಟೂ ಮುಗೀತು. ಇನ್ನು ಬರಲ್ಲ.”

ಅವನು ಸ್ಕ್ಯಾನರ್ ಸಿಕ್ಕಿಸಿದ, ಬ್ಯಾಟರಿ ನೋಡಿದ, ಸ್ಟೇರಿಂಗ್ ಕೆಳಗಿನ ವೈರುಗಳನ್ನು ಒಂದೊಂದಾಗಿ ತಡವಿದ.

“ವೈರ್ ಎಲ್ಲಾ ಗ್ರ್ಯಾಂಡ್, ಏನೂ ತೊಂದರೆ ಇಲ್ಲ. ಕೀ ಒಳಗಿರೋ ಚಿಪ್ಪನ್ನ ಕಾರ್ ಗುರುತಿಸ್ತಿಲ್ಲ. ನಿನ್ನನ್ನೇ ಕಳ್ಳಿ ಅಂದ್ಕೊಂಡಿದೆ. ಆ ಕೀ ಗೊಂಚಲು ಕೊಡು.”

ಅಯ್ಯೋ, ಕೊಡಬಾರದು! ಅನ್ನುವಷ್ಟರಲ್ಲಿ ಕೊಟ್ಟಾಗಿತ್ತು.

ಚಾಮುಂಡಿ ಲಾಕೆಟ್ಟಿನ ಪಕ್ಕದಲ್ಲಿ ಇನ್ನೊಂದು ಕಪ್ಪು ಕೀ. ಅವನ ಹಳೇ ಕಾರಿನದು. ಅವಳಿಗೆಂದೇ ಕೊಟ್ಟಿದ್ದ ಎರಡನೇ ಕೀ.

“ಇದರಲ್ಲೂ ಚಿಪ್ ಇದೆ. ಎರಡೂ ಒಟ್ಟಿಗಿದ್ರೆ ಕಾರಿಗೆ ಗೊಂದಲ... ಯಾವಾಗ ಹಾಕಿದೆ?”

“ಈಗ್ತಾನೆ. ಆಫೀಸಿನ ಡ್ರಾಯರ್ ಖಾಲಿ ಮಾಡುವಾಗ ಸಿಕ್ತು. ಕಸಕ್ಕೆ ಹಾಕೋಕೆ ಆಗ್ಲಿಲ್ಲ.”

“ಆ ಕಾರು ಗುಜರಿಗೆ ಹೋಯ್ತು, ಗಗನಾ.”

“ನಂಗೇನ್ ಗೊತ್ತು? ನೀನು ಹೇಳದೇ ಹೋದೆಯಲ್ಲ!”

“ಆವತ್ತು ಫೋನಲ್ಲಿ ನಿಮ್ಮಪ್ಪ, ‘ಯಾರಮ್ಮಾ ಆ ಹುಡುಗ’ ಅಂದ್ರು. ನೀನು ‘ಯಾರೂ ಇಲ್ಲಪ್ಪ, ಕಾರ್ ರಿಪೇರಿಯವನು’ ಅಂದೆ. ನಾನು ಬಾಗಿಲಲ್ಲೇ ಇದ್ದೆ.”

ಇದಾ ಕಾರಣ! ಊರಿಗೆ ಹೋದಾಗ ಎದುರಿಗೇ ಕೂತು ಹೇಳೋಣ ಅಂತ ಅಪ್ಪನಿಂದ ಮುಚ್ಚಿಟ್ಟಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳ ಕಣ್ಣು ತುಂಬಿ ಬಂತು.

ಅವನು ಕಪ್ಪು ಕೀ ಬಿಡಿಸಿ ತೆಗೆದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಯಾಕಾದರೂ ಆಯಿತೋ ಅನ್ನಿಸಿತು ಅವಳಿಗೆ.

“ಇದನ್ನ ಬೇರೆ ಇಟ್ಕೋ. ಒಟ್ಟಿಗಿದ್ರೆ ಮತ್ತೆ ನಿಂತುಹೋಗುತ್ತೆ.”

ಗಗನಾ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವನೆದುರಿಗೇ ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪಾ... ಆವತ್ತು ಕೇಳಿದ್ರಲ್ಲ, ಆ ಹುಡುಗ ಯಾರು ಅಂತ? ಅಭಿನಂದನ್. ಕಾರ್ ರಿಪೇರಿ ಮಾಡ್ತಾನೆ. ನಾನು ಪ್ರೀತಿಸಿದ್ದು ಇವನೊಬ್ಬನ್ನೇ.”

ಆ ಕಡೆಯಿಂದ ಕಾಲ್ ಕಟ್ಟಾಯಿತು.

“ಈಗ ಹೇಳಿ ಏನು ಬಂತು?” ಅವನು ಕೇಳಿದ. “ಶನಿವಾರ ಹೋಗ್ಲೇಬೇಕಲ್ಲ.”

“ಹೋಗ್ಲೇಬೇಕು. ಆದ್ರೂ ಹೇಳ್ಬೇಕಿತ್ತು, ಅಭಿ.”

ಅವನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

“ಏರ್‌ಪೋರ್ಟಿಗೆ ಯಾರು ಬಿಡ್ತಾರೆ?”

“ಬಸ್ಸಲ್ಲಿ ಹೋಗ್ತೀನಿ.”

“ಬೇಡ... ನಾನು ಬಿಡ್ತೀನಿ.”