ಎಂಟನೆಯ ಧ್ವನಿ

ಈ ಕಥೆಯಲ್ಲಿ ಒಂದು ಮಾತೂ ಸುಳ್ಳಲ್ಲ. ಧ್ವನಿಗಳು ಮಾತ್ರ ಸುಳ್ಳು!

ನಂಬಿಕೆ ಬರದಿದ್ದರೆ ಲುಂಬಿನಿಯನ್ನೇ ಕೇಳಿ. ಮೊದಲು ಮೋಸ ಹೋದವಳು ಅವಳೇ.

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸೇಡಂ ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಜಗದೇವಪ್ಪ ಸರ್ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸ್. ಆದಿತ್ಯನಗರದಿಂದ ಬಂದಿದ್ದ ಲುಂಬಿನಿ ಹೆದರುತ್ತಲೇ ಮೆಟ್ಟಿಲು ಹತ್ತಿದಳು. ಟೀಚರ್ ಕೆಲಸಕ್ಕೆ ಇದು ಮೂರನೇ ಇಂಟರ್‌ವ್ಯೂ. ಹಿಂದಿನ ಎರಡರಲ್ಲೂ ನಾಲಿಗೆ ಒಣಗಿ ಮಾತೇ ನಿಂತುಹೋಗಿತ್ತು.

ಒಳಗೆ ಕುರ್ಚಿಯಲ್ಲಿ ಯಾರೋ ಪೇಪರ್ ಅಗಲಿಸಿಕೊಂಡು ಕೂತಿದ್ದರು. ಮುಖ ಕಾಣಲಿಲ್ಲ. ಆದರೆ ಆ ಧ್ವನಿ... ಫೋನಿನಲ್ಲಿ ಕೇಳಿದ್ದ ಜಗದೇವಪ್ಪ ಸರ್ ಧ್ವನಿಯೇ! ಅದೇ ಮೂಗಿನ ರಾಗ, ಅದೇ ಕೆಮ್ಮು.

"ಖ್ಹುಂ! ಬರ್ರಿ, ಕುಂದ್ರಿ. ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್."

ಬೆಂಚುಗಳ ಮೇಲೆ ಹದಿಮೂರು ಮಂದಿ ತುಟಿ ಬಿಗಿಹಿಡಿದು ಕೂತಿದ್ದರು. ಎಂಥ ಶಿಸ್ತು ಅಂದುಕೊಂಡಳು ಲುಂಬಿನಿ, ಪಾಪ!

ಎದುರಿಗೆ ಮುಖವಿಲ್ಲದ್ದರಿಂದಲೋ ಏನೋ, ಅವತ್ತು ಭಯವೇ ಆಗಲಿಲ್ಲ. ಓದು, ಊರು, ಆಸೆ... ಐದು ನಿಮಿಷ ಇಂಗ್ಲಿಷ್ ನೀರಿನಂತೆ ಹರಿಯಿತು.

"ವೆರಿ ಗುಡ್! ಸೆಲೆಕ್ಟೆಡ್!" ಎಂದಿತು ಪೇಪರ್.

ಬೆನ್ನ ಹಿಂದೆ ಇನ್ನೊಂದು ಕೆಮ್ಮು ಕೇಳಿಸಿತು.

"ಖ್ಹುಂ! ಸೆಲೆಕ್ಟ್ ಮಾಡ್ಲಿಕ್ಕ ನೀ ಯಾವನೋ?"

ತಿರುಗಿ ನೋಡಿದರೆ, ಚಹಾದ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದರು ನಿಜವಾದ ಜಗದೇವಪ್ಪ ಸರ್!

ಪೇಪರ್ ಕೆಳಗಿಳಿಯಿತು. ಹಿಂದಿದ್ದದ್ದು ಒಬ್ಬ ಯುವಕ. ಹುಬ್ಬಿನ ಮೇಲೆ ಇನ್ನೂ ಕಲ್ಲಿನ ಪುಡಿ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಸುರೇಶಕುಮಾರ್ ರೀ... ಶಹಾಬಾದದವ. ಕಲ್ಲು ಪಾಲಿಶ್ ಕೆಲಸ. ಮಾಫ್ ಮಾಡ್ರಿ ಮೇಡಂ."

ಲುಂಬಿನಿಯ ಕೆನ್ನೆ ಉರಿಯುತ್ತಿತ್ತು.

"ಅವಾ ಮಾಡಿದ್ದು ತಪ್ಪವ್ವ," ಎಂದರು ಸರ್. "ಆದ್ರ ನಾನೂ ಬಾಗಲದಾಗ ನಿಂತು ಎಲ್ಲಾ ಕೇಳೀನಿ. ನಾಳಿಂದ ನೀವೇ ಇಲ್ಲಿ ಟೀಚರ್."

ಕೆಲಸ ಸಿಕ್ಕಿತು. ಮನಸ್ಸು ಮಾತ್ರ ಹಲ್ಲು ಕಡಿಯಿತು. 'ಈ ಕಲ್ಲಿನವನನ್ನು ಸುಮ್ಮನೆ ಬಿಡೋದಿಲ್ಲ!'

ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: 'ಇಲ್ಲಿ ಅವರವರ ಧ್ವನಿಗೆ ಮಾತ್ರ ಪ್ರವೇಶ.'

ಇನ್ನೊಂದು ತಿಂಗಳಿಗೆ ಕಲಬುರಗಿಯಲ್ಲಿ ಕೋರ್ಸಿನ ಪರೀಕ್ಷೆ ಇತ್ತು. ಎಕ್ಸಾಮಿನರ್ ಎದುರು ಒಬ್ಬೊಬ್ಬರೇ ಹನ್ನೊಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು.

"ಸುರೇಶಕುಮಾರ್, ಎದ್ದೇಳ್ರಿ. ನಿಮ್ಮ ಕೆಲಸದ ಬಗ್ಗೆ ಹೇಳ್ರಿ. ಇನ್ ಇಂಗ್ಲಿಷ್."

ಅವನು ಎದ್ದ. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಒಂದಕ್ಷರವೂ ಬರಲಿಲ್ಲ. ಯಾರೋ ಕಿಸಕ್ಕೆಂದರು.

"ಈಗ ಮೂಕನ ಮಿಮಿಕ್ರಿ ಏನ್ರಿ?" ಲುಂಬಿನಿಯ ಸಹನೆಯ ಕಟ್ಟೆಯೊಡೆಯಿತು. "ಸಾಕ್ ಮಾಡ್ರಿ ನಾಟಕ! ಹೊರಗ ಹೋಗ್ರಿ!"

ಅವನು ಪುಸ್ತಕ ಎತ್ತಿಕೊಂಡು ಹೋದ. ನಾಲ್ಕು ದಿನವಾದರೂ ಬರಲಿಲ್ಲ.

ಐದನೆಯ ದಿನ ಚಿತ್ತಾಪುರದ ನರ್ಸ್ ಭೀಮಬಾಯಿ ಮೆಲ್ಲಗೆ ಹೇಳಿದಳು.

"ಮೇಡಂ, ಅವಾ ನಾಟಕ ಮಾಡಿಲ್ರಿ. ಸಾಲ್ಯಾಗಿದ್ದಾಗ ಒಮ್ಮೆ ಇಂಗ್ಲಿಷ್ ಮಾತಾಡಿದ್ದಕ್ಕ ಊರೆಲ್ಲಾ ನಕ್ಕಿತ್ತಂತ. ಅವತ್ತಿಂದ ಅವನ ಖರೇ ಧ್ವನಿಲೆ ಇಂಗ್ಲಿಷ್ ಹೊರಗ ಬರಂಗಿಲ್ಲ. ಮಂದಿ ಧ್ವನಿಲೆ ಎಷ್ಟು ಬೇಕಾದ್ರೂ ಮಾತಾಡ್ತಾನ. ಗುರ್ತಿನವ್ರು ಕೇಳಬಾರ್ದಂತ ಶಹಾಬಾದದಿಂದ ಸೇಡಮಿಗಿ ಬರ್ತಾನ್ರಿ."

ಲುಂಬಿನಿಯ ಕೈಯಲ್ಲಿದ್ದ ಚಾಕ್‌ಪೀಸ್ ಮುರಿಯಿತು. 'ಅಯ್ಯೋ... ನಾಲಿಗೆ ಒಣಗುವುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನಾನೇ ಹೀಗೆ ಮಾಡಿದೆನಾ?'

ಅಂದೇ ಮಧ್ಯಾಹ್ನ ಶಹಾಬಾದಿಗೆ ಹೊರಟಳು. ಅವನು ಕೆಲಸ ಮಾಡುವ ಯಾರ್ಡಿನ ತುಂಬ ಕಲ್ಲು ಕೊಯ್ಯುವ ಮಷಿನ್ನಿನ ಕಿರ್ರ್... ಸದ್ದು, ಬೂದಿ ಬಣ್ಣದ ಕೆಸರು. ಮಾಲೀಕ ಗುಲಾಮ ದಸ್ತಗೀರ ಎದುರು ಬಂದ.

"ಸುರೇಶನ ಮೇಡಮ್ಮೋರಾ? ನೋಡ್ರಿ, ಪರದೇಶದ ಗಿರಾಕಿ ಫೋನ್ ಮಾಡ್ತಾರ. ಇವಾ ಪರೀಕ್ಷಾ ಪಾಸಾದ್ರ ಆಫೀಸ್ ಕುರ್ಚಿ ಇವಂದೇ. ಇಲ್ಲಂದ್ರ ಹೈದರಾಬಾದಿಂದ ಮಂದಿ ಕರ್ಸತೀನಿ. ಇವಾ ಮತ್ತ ಜಿಂದಗಿ ಪೂರ್ತಿ ಇದೇ ಧೂಳಿನಾಗ. ಈಗೇ ಭಾಳ ಕೆಮ್ಮಾಕತ್ಯಾನ್ರಿ."

ಕಲ್ಲಿನ ರಾಶಿಯ ಹಿಂದಿನಿಂದ ಒಂದು ಹೆಣ್ಣುಧ್ವನಿ, ಥೇಟ್ ವಾಡಿ ಜಂಕ್ಷನ್ನಿನ ರೈಲು ಅನೌನ್ಸ್‌ಮೆಂಟಿನದು, ಮೊಳಗಿತು.

"ಪ್ರಯಾಣಿಕರ ಗಮನಕ್ಕೆ! ಸೇಡಂ ಕಡೆಯಿಂದ ಬರುವ ಸಿಟ್ಟಿನ ಮೇಡಂ ಒಂದನೇ ಪ್ಲಾಟ್‌ಫಾರ್ಮಿಗೆ ಬಂದಿದ್ದಾರೆ..."

ಲುಂಬಿನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. ಧೂಳಿರಬೇಕು ಅಂದುಕೊಂಡಳು.

"ತಪ್ಪು ನಂದು, ಸುರೇಶ್. ಬರ್ರಿ. ನಿಮ್ಮ ಮಿಮಿಕ್ರಿ ನನಗ ಬೇಕಾಗ್ಯಾದ."

ಮತ್ತೇನು! ಕ್ಲಾಸಿನ ಕಳೆಯೇ ಬದಲಾಯಿತು. ಸುರೇಶ ದಿನಕ್ಕೊಬ್ಬ ಎಕ್ಸಾಮಿನರ್ ಆದ. ಗುರುಗುಟ್ಟುವ ಮುದುಕ, ತೂಕಡಿಸುವ ಮೇಡಂ, ಪ್ರತಿ ಮಾತಿಗೂ 'ವೈ?' ಎನ್ನುವ ಸಾಹೇಬ... ಒಟ್ಟು ಏಳು ಮಂದಿ. ನಕ್ಕು ನಕ್ಕು ಎಲ್ಲರ ಹೆದರಿಕೆ ಸವೆಯಿತು. ಭೀಮಬಾಯಿಯಂತೂ ಗುರುಗುಟ್ಟುವ ಮುದುಕನಿಗೇ ಬಿ.ಪಿ. ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು!

ಲುಂಬಿನಿ ಬೋರ್ಡಿನ ಕಡೆ ತಿರುಗಿ ನಗುತ್ತಿದ್ದಳು. ಆದರೆ ಕ್ಲಾಸು ಖಾಲಿಯಾದ ಮೇಲೂ ಕಿವಿ ಏನನ್ನೋ ಕಾಯುತ್ತಿತ್ತು. ಏಳು ಧ್ವನಿ ಕೇಳಿದ್ದಾಯಿತು. ಅವಳಿಗೆ ಬೇಕಾದದ್ದು ಎಂಟನೆಯದು, ಅವನದೇ ಧ್ವನಿಯ ಇಂಗ್ಲಿಷ್.

ಪರೀಕ್ಷೆಗೆ ಒಂದೇ ದಿನ ಉಳಿಯಿತು. ಹದಿಮೂರು ಮಂದಿ ತಯಾರು. ಅವನೊಬ್ಬ ಮಾತ್ರ ಇನ್ನೂ ತನ್ನ ಧ್ವನಿಯಲ್ಲಿ ಮೂಕ!

ಅಂದು ಮಧ್ಯಾಹ್ನ ಅವಳ ಫೋನ್ ರಿಂಗಾಯಿತು. ಗುರುತಿಲ್ಲದ ನಂಬರ್.

"ಹಲೋ, ದಿಸ್ ಈಸ್ ಮಿಸೆಸ್ ಪಿಂಟೊ, ನಾಳಿನ ಎಕ್ಸಾಮಿನರ್."

ಲುಂಬಿನಿ ಕುರ್ಚಿಯಿಂದ ಎದ್ದೇ ನಿಂತಳು! ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನಿಮಗಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಿಮ್ಮ ವಿದ್ಯಾರ್ಥಿಗಳ ಬಗ್ಗೆ ಒಂದೆರಡು ಮಾತು ಬೇಕಿತ್ತು. ಈ ಸುರೇಶಕುಮಾರ್... ಅವರ ಬಗ್ಗೆ ನಿಮಗೆ ಏನನ್ನಿಸುತ್ತದೆ?"

ಮಿಸೆಸ್ ಪಿಂಟೊ ಧ್ವನಿ ಯಾಕೋ ಸ್ವಲ್ಪ ನಡುಗಿತು. ಆ ನಡುಕದ ಹಿಂದೆ ಕಿರ್ರ್... ಎಂಬ ಸದ್ದು. ಅದರ ಹಿಂದೆ ಗುಲಾಮ ದಸ್ತಗೀರನ ಕೂಗು. "ಅರೇ ಸುರೇಶ್, ಮಷಿನಿಗಿ ನೀರ್ ಬಿಡೋ!"

ಲುಂಬಿನಿ ಮೆಲ್ಲಗೆ ಕೂತಳು. ತುಟಿಯಂಚಿನಲ್ಲಿ ನಗು ಮೂಡಿತು. 'ನನ್ನ ಮನಸ್ಸಿನಲ್ಲಿ ಏನಿದೆಯೆಂದು ಕೇಳಲೂ ಬೇರೆಯವರ ಧ್ವನಿಯೇ ಬೇಕಾಯಿತಾ, ಹುಚ್ಚ?'

"ಅವನನ್ನು ಫೇಲ್ ಮಾಡಿ ಮೇಡಂ," ಎಂದಳು ಗಂಭೀರವಾಗಿ.

"ವಾಟ್?!"

"ಶುದ್ಧ ಸೋಮಾರಿ. ಕ್ಲಾಸಿಗೆ ಬರುವುದೇ ಟೈಂಪಾಸಿಗೆ."

"ನೋ!" ಮಿಸೆಸ್ ಪಿಂಟೊ ಗಾಳಿಯಲ್ಲಿ ಕರಗಿಹೋದರು. ಒರಟಾದ, ಬೆಚ್ಚಗಿನ, ಇಂಗ್ಲಿಷಿನಲ್ಲಿ ಎಂದೂ ಕೇಳದ ಧ್ವನಿಯೊಂದು ಸಿಡಿಯಿತು. "ಐ ಯಾಮ್ ನಾಟ್ ಲೇಜಿ! ದಿನಾ ಐದಕ್ಕೆ ಏಳುತ್ತೇನೆ. ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತೇನೆ. ಟೈಂಪಾಸಿಗೆ ಬರುವುದಿಲ್ಲ. ಆ ಕೋಣೆಯಲ್ಲಿ ಒಬ್ಬರು ಬೋರ್ಡಿನ ಕಡೆ ತಿರುಗಿ ನಗುತ್ತಾರೆ. ಆ ನಗುವಿಗಾಗಿ ಏಳು ಧ್ವನಿ ಮಾಡಿದೆ! ಅವರ ಹೆಸರು ಹಿಡಿದು ಕರೆಯಲು ಮಾತ್ರ ನನ್ನ ಧ್ವನಿ..."

ತಟ್ಟನೆ ಮಾತು ನಿಂತಿತು. ಮಷಿನ್ನೂ ನಿಂತಿತ್ತು.

ಲುಂಬಿನಿಯ ಕಣ್ಣು ತುಂಬಿ ಬಂತು.

"ಅದೇ ಧ್ವನಿ, ಸುರೇಶ್," ಎಂದಳು, ಈಗ ಕನ್ನಡದಲ್ಲಿ. "ನಿಮ್ಮದೇ ಅದ. ಛಲೋ ಅದ. ನಾಳೆನೂ ಹಿಂಗೇ ಮಾತಾಡ್ರಿ."

ಫೋನ್ ಕಟ್ಟಾಯಿತು.

ಪರೀಕ್ಷೆ ಮುಗಿಯಿತು. ಅವನ ಫೋನಿಲ್ಲ, ಸುದ್ದಿಯಿಲ್ಲ. ಒಂದು ದಿನ... ಎರಡು... ಒಂಬತ್ತು ದಿನ! ಅವನ ಮನಸ್ಸಿನ ಮಾತನ್ನು ಮೋಸದಿಂದ ಕಸಿದುಕೊಂಡೆನೇ ಎಂದು ಲುಂಬಿನಿಗೆ ಊಟವೂ ಸೇರಲಿಲ್ಲ.

ಹತ್ತನೆಯ ದಿನ ಫಲಿತಾಂಶ ಬಂತು. ಹದಿನಾಲ್ಕಕ್ಕೆ ಹದಿನಾಲ್ಕೂ ಪಾಸ್! ಕ್ಲಾಸಿನಲ್ಲಿ ಪೇಡಾ ಹಂಚಿದರು. ಅವನೊಬ್ಬ ಬರಲಿಲ್ಲ.

"ಆಫೀಸ್ ಕುರ್ಚಿ ಮ್ಯಾಲ ಕುಂತಾನಂತ," ಎಂದರು ಜಗದೇವಪ್ಪ ಸರ್. "ನಿಮಗ ಮಾರಿ ತೋರ್ಸಲಿಕ್ಕ ನಾಚಿಕೆಂತ. ಖ್ಹುಂ!"

'ನಾಚಿಕೆಯಾ?' ಲುಂಬಿನಿಗೆ ಎಲ್ಲಿಲ್ಲದ ಉಮೇದು ಬಂತು. ಸರ್ ಫೋನ್ ಕೇಳಿ ತೆಗೆದುಕೊಂಡಳು. ಯಾರ್ಡಿನ ಆಫೀಸಿಗೇ ಹಚ್ಚಿದಳು. ಮೂಗು ಹಿಡಿದುಕೊಂಡು ಶುರುವಾದಳು.

"ಹಲೋ! ಮಿಸ್ ರೋಸಿ, ಫ್ರಮ್ ಲಂಡನ್!"

ಆ ಕಡೆ ಎಂಟನೆಯ ಧ್ವನಿ. ಸ್ಪಷ್ಟ, ನೇರ, ನಡುಕವಿಲ್ಲದ ಇಂಗ್ಲಿಷ್. ಲುಂಬಿನಿಗೆ ಮೈಯೆಲ್ಲ ಪುಳಕ! ಹತ್ತು ಸಾವಿರ ಅಡಿ ನೀಲಿ ಕಲ್ಲು ಬೇಕೆಂದಳು. ಅವನು ಶ್ರದ್ಧೆಯಿಂದ ಬರೆದುಕೊಂಡ.

"ಇನ್ನೇನಾದರೂ ಬೇಕೆ ಮೇಡಂ?"

"ಬೇಕು. ಒಬ್ಬ ಗಂಡ. ಏಳು ಧ್ವನಿ ಬರಬೇಕು. ಆದರೆ ನನ್ನ ಜೊತೆ ಎಂಟನೆಯದರಲ್ಲೇ ಮಾತಾಡಬೇಕು."

ಪೆನ್ನು ಬಿದ್ದ ಸದ್ದು. ಅಷ್ಟರಲ್ಲಿ ಲುಂಬಿನಿಯ ಪಕ್ಕದಲ್ಲಿ, ತಡೆದರೂ ತಡೆಯದೆ, "ಖ್ಹುಂ!"

ಆ ಕೆಮ್ಮು ಸುರೇಶನಿಗೆ ಗೊತ್ತಿಲ್ಲವೇ!

"...ಡೆಲಿವರಿ ಎಲ್ಲಿಗ್ರಿ ಮೇಡಂ?" ಎಂದ ಮೆತ್ತಗೆ, ಕನ್ನಡದಲ್ಲಿ.

"ಆದಿತ್ಯನಗರಕ್ಕ. ಅಪ್ಪ-ಅವ್ವನ ಮುಂದ ಕುಂತು, ನಿಮ್ಮ ಧ್ವನಿಲೇ ಕೇಳಬೇಕು."

"ನಾಳೆನೇ ಬರ್ತೀನಿ... ಲುಂಬಿನಿ."

ಮೊದಲ ಸಲ ಬರೀ ಹೆಸರು! ಅವಳು ಕಣ್ಣು ಮುಚ್ಚಿ ಕೇಳಿದಳು.

ಆ ಕಡೆ ಗುಲಾಮ ದಸ್ತಗೀರ ಪುಸ್ತಕದಲ್ಲಿ ಇಣುಕಿದ್ದ. "ಹತ್ತು ಸಾವಿರ ಅಡಿ! ಲಂಡನ್! ಕಮಾಲ್ ಮಾಡಿದಿ ಬೇಟಾ! ಲಾರಿ ಯಾವಾಗ ಕಳ್ಸಬೇಕು?"

ಸುರೇಶ ನಗತೊಡಗಿದ. ಇತ್ತ ಲುಂಬಿನಿ ನಕ್ಕಳು, ಸರ್ ಕೆಮ್ಮುತ್ತಲೇ ನಕ್ಕರು, ಪೇಡಾ ಬಾಯಲ್ಲಿಟ್ಟುಕೊಂಡೇ ಇಡೀ ಕ್ಲಾಸು ನಕ್ಕಿತು. ಆದರೆ ಎಲ್ಲರ ನಗುವನ್ನೂ ಮುಳುಗಿಸಿ, ಮಷಿನ್ನಿನ ಕಿರ್ರ್ ಸದ್ದನ್ನೂ ಮೀರಿ ಫೋನಿನಲ್ಲಿ ಮೊಳಗಿದ್ದು ಈ ಸಲ ಮೋಸ ಹೋದ ಸುರೇಶನ ನಗು. ಯಾರದೂ ಮಿಮಿಕ್ರಿಯಲ್ಲ. ಅಪ್ಪಟ ಅವನದೇ!