ಟ್ರಂಕಿನಲ್ಲಿದ್ದ ಹತ್ತೊಂಬತ್ತು ಚಿತ್ರಗಳು

“ಅದನ್ನು ಅಲ್ಲೇ ಇಡಿ.”

ಬೆನ್ನ ಹಿಂದಿನಿಂದ ಬಂದ ಧ್ವನಿಗೆ ಜಿತೇಂದ್ರನ ಕೈ ನಿಂತುಹೋಯಿತು.

ಕಾರ್ಕಳದ ಚೆನ್ನಪ್ಪನ ಗುಜರಿ ಅಂಗಡಿಯಲ್ಲಿ, ಆಗಷ್ಟೇ ಕಾರಿನಿಂದ ಇಳಿಸಿದ್ದ ತಗಡಿನ ಟ್ರಂಕಿನ ಮುಂದೆ ಅವನು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕೈಯಲ್ಲಿ ತೆಳ್ಳಗಿನ ಒಂದು ಹಳೆಯ ಪತ್ರಿಕೆ. ಮೂವತ್ತು ವರ್ಷಗಳ ಹಿಂದೆ ಬೊಂಬಾಯಿಯಲ್ಲಿ ಕೆಲವರು ಸೇರಿ ಕಲ್ಲಚ್ಚಿನಲ್ಲಿ ನಕಲು ತೆಗೆದು, ಸ್ಟೇಪಲ್ ಹೊಡೆದು, ಕಂದು ಲಕೋಟೆಯಲ್ಲಿ ಗುಟ್ಟಾಗಿ ಹಂಚುತ್ತಿದ್ದ ಪತ್ರಿಕೆ. ಗಂಡಸರನ್ನು ಪ್ರೀತಿಸುವ ಗಂಡಸರದ್ದು.

ಇಪ್ಪತ್ತು ವರ್ಷಗಳಿಂದ ಇಂಥವನ್ನೇ ಹುಡುಕುತ್ತಿದ್ದ ಅವನಿಗೆ ಒಂದೇ ಕಡೆ ಇಷ್ಟೊಂದು ಸಿಕ್ಕಿದ್ದು ಇದೇ ಮೊದಲು.

ತಿರುಗಿ ನೋಡಿದ. ಎತ್ತರದ ಆಳು. ಮೂವತ್ತೈದು ದಾಟಿರಬಹುದು. ಬಿಳಿ ಅಂಗಿಯ ತೋಳಿಗೆ ಟ್ರಂಕಿನ ತುಕ್ಕು ಮೆತ್ತಿತ್ತು. ಮುಖದಲ್ಲಿ ಸಿಟ್ಟು… ಅಲ್ಲ, ಸಿಟ್ಟಲ್ಲ. ಹೆದರಿಕೆ. ಆ ಹೆದರಿಕೆ ಜಿತೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು.

“ಇದು ಗುಜರಿಗೆ ಅಲ್ವಾ?” ಮೆಲ್ಲಗೆ ಕೇಳಿದ.

“ಟ್ರಂಕ್ ಮಾತ್ರ. ಒಳಗಿದ್ದದ್ದು ಸುಡ್ಲಿಕ್ಕೆ ಉಂಟು. ಖಾಲಿ ಮಾಡ್ಲಿಕ್ಕೆ ಮರೆತುಹೋಯ್ತು.”

“ಸುಡ್ಬೇಡಿ.”

“ನಿಮಗೆ ಎಂತಕ್ಕೆ ಅದು?”

ಚೆನ್ನಪ್ಪ ತಕ್ಕಡಿಯ ಹತ್ತಿರ ಯಾರೊಂದಿಗೋ ಚೌಕಾಸಿ ಮಾಡುತ್ತಿದ್ದ. ಜಿತೇಂದ್ರ ಪತ್ರಿಕೆಯ ಮೇಲಿನ ಬೂಸ್ಟನ್ನು ಕರವಸ್ತ್ರದಿಂದ ಒರೆಸಿದ. ನಲವತ್ತೊಂದು ವರ್ಷ ಯಾರಿಗೂ ಹೇಳದ ಮಾತು, ಗುರುತು ಪರಿಚಯವಿಲ್ಲದವನ ಎದುರು, ಗುಜರಿ ಕಬ್ಬಿಣದ ನಡುವೆ ಬಾಯಿಂದ ಬಂದುಬಿಟ್ಟಿತು.

“ಇದು ನನ್ನ ಹಾಗಿನವರದ್ದು. ಅದಕ್ಕೆ.”

ಆತ ಬಾಗಿ ಟ್ರಂಕಿನ ಮುಚ್ಚಳ ಹಾಕಿದ.

“ಇಲ್ಲಿ ಬೇಡ,” ಎಂದ. “ನಿಮ್ಮ ಮನೆ ಎಲ್ಲಿ?”

* * *

ಆತನ ಹೆಸರು ಕಾರ್ಲ್. ಶಿರ್ವದವನು. ಹತ್ತು ವರ್ಷ ಮಸ್ಕತ್‌ನಲ್ಲಿದ್ದು, ಊರಿಗೆ ಬಂದು ಟೈಲ್ಸ್ ಅಂಗಡಿ ಹಾಕಿದ್ದ. ಟ್ರಂಕು ಅವನ ತಾಯಿಯ ಅಣ್ಣ ಸಿಪ್ರಿಯನ್‌ ಅವರದ್ದು. ಬೊಂಬಾಯಿಯ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾಗಿ ಶಿರ್ವಕ್ಕೆ ಬಂದು, ಮದುವೆಯಿಲ್ಲದೆಯೇ ಬದುಕಿ ಫೆಬ್ರವರಿಯಲ್ಲಿ ತೀರಿಹೋಗಿದ್ದರು.

ಉಡುಪಿಯ ಕುಂಜಿಬೆಟ್ಟಿನ ಬಾಡಿಗೆ ಮನೆಯಲ್ಲಿ ಜಿತೇಂದ್ರ ಒಬ್ಬನೇ. ಮಣಿಪಾಲದ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ಹರಿದ ಹಾಳೆಗೆ ಜೀವ ಕೊಡುವುದು ಅವನಿಗೆ ಗೊತ್ತಿತ್ತು.

ಟ್ರಂಕನ್ನು ಒಳಗಿಟ್ಟು ಕಾರ್ಲ್ ಬಾಗಿಲಲ್ಲೇ ನಿಂತ.

“ಒಂದು ಮಾತು. ಇದರಲ್ಲಿರುವ ಒಂದು ಚಿತ್ರ ಕೂಡ ಹೊರಗೆ ಹೋಗ್ಬಾರ್ದು. ಮೊಬೈಲ್‌ನಲ್ಲಿ ಕೂಡ ತೆಗೀಬಾರ್ದು. ಅಮ್ಮ ಇದ್ದಾರೆ ನನಗೆ.”

“ಹೋಗುದಿಲ್ಲ. ನನ್ನ ಮಾತು.”

ಆ ಮಾತನ್ನು ಮುರಿಯುವ ದಿನ ಬರುತ್ತದೆಂದು ಜಿತೇಂದ್ರನಿಗೆ ಆಗ ಗೊತ್ತಿರಲಿಲ್ಲ.

ಆ ಬಳಿಕ ಪ್ರತಿ ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಕಾರ್ಲ್ ಬರತೊಡಗಿದ. ಟ್ರಂಕಿನಲ್ಲಿ ಮೂವತ್ತೊಂದು ಪತ್ರಿಕೆಗಳಿದ್ದವು. ಮತ್ತು ಹತ್ತೊಂಬತ್ತು ಚಿತ್ರಗಳು.

ಎಲ್ಲದರಲ್ಲೂ ಅದೇ ಇಬ್ಬರು, ಸಿಪ್ರಿಯನ್‌ ಮತ್ತು ಇನ್ನೊಬ್ಬರು. ವರ್ಷಕ್ಕೊಂದರಂತೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಬೆನ್ನಿಗೆ ಪೆನ್ಸಿಲಿನಲ್ಲಿ ಇಸವಿ ಮಾತ್ರ. ೧೯೭೯ರಲ್ಲಿ ಇಬ್ಬರಿಗೂ ದಟ್ಟ ಕೂದಲು, ಅಗಲ ಕಾಲರು. ೧೯೮೪ರಲ್ಲಿ ಒಬ್ಬನ ತಲೆ ಇನ್ನೊಬ್ಬನ ಭುಜಕ್ಕೆ ಒರಗಿದೆ. ೧೯೯೭ರ ಹೊತ್ತಿಗೆ ಇಬ್ಬರಿಗೂ ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಅಲ್ಲಿಗೆ ಮುಗಿಯಿತು.

“ನಿಮ್ಮ ಮಾಮನ ಜೊತೆಗಿರುವ ಇವರು ಯಾರು?” ಜಿತೇಂದ್ರ ಕೇಳಿದ.

“ಗೊತ್ತಿಲ್ಲ. ಮಾಮ ಯಾವತ್ತೂ ಹೇಳ್ಲಿಲ್ಲ.” ಕಾರ್ಲ್ ಚಿತ್ರವನ್ನು ಕೆಳಗಿಟ್ಟ. “ಮನೆಯಲ್ಲಿ ಎಲ್ರೂ ನನಗೆ ಮದುವೆ ಆಗು, ಮದುವೆ ಆಗು ಅಂತಿದ್ರು. ಸಿಪ್ರಿ ಮಾಮ ಒಬ್ರೇ ಒಂದು ಸಲವೂ ಹೇಳ್ಲಿಲ್ಲ. ಅವರಿಗೆ ನನ್ನ ವಿಷಯ ಗೊತ್ತಿತ್ತು, ಜಿತೇಂದ್ರ. ಒಂದೇ ಮನೆಯಲ್ಲಿ ಇಬ್ರೂ ಇದ್ದೆವು… ಒಂದು ದಿನವೂ ಬಾಯಿ ಬಿಟ್ಟು ಮಾತಾಡ್ಲಿಲ್ಲ.”

ಇಂಥ ಪ್ರೀತಿ ಅಪರಾಧವಲ್ಲವೆಂದು ಕಾನೂನು ಬದಲಾಗಿ ಏಳು ವರ್ಷ ಕಳೆದಿತ್ತು. ಆದರೆ ಕಾನೂನು ಮನೆಯ ಊಟದ ಮೇಜಿನವರೆಗೆ ಬಂದಿರಲಿಲ್ಲ.

ಜಿತೇಂದ್ರ ಮೈದಾ ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ತಾನು ಕೂಡಿಸಿದ್ದನ್ನೆಲ್ಲ ಮೊದಲ ಬಾರಿಗೆ ಇನ್ನೊಬ್ಬರ ಎದುರು ಹರಡಿದ. ಹತ್ತೊಂಬತ್ತರ ಪ್ರಾಯದಲ್ಲಿ ಮಂಗಳೂರಿನ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದ ಮೊದಲ ಸಂಚಿಕೆ ತೋರಿಸಿದ. ಅದರ ಓದುಗರ ಪತ್ರಗಳ ಪುಟದಲ್ಲಿ ನಾಲ್ಕು ಸಾಲು. ‘ನಮ್ಮ ಊರಿನಲ್ಲಿ ನಾನೊಬ್ಬನೇ ಎಂದು ತಿಳಿದಿದ್ದೆ’. ಕೆಳಗೆ ‘ಕಾರ್ಕಳದ ಒಬ್ಬ’ ಎಂದಷ್ಟೇ.

“ಸಾಯ್ಬೇಕು ಅಂತ ಇದ್ದೆ ಆಗ,” ಎಂದ ಜಿತೇಂದ್ರ. “ಇದನ್ನು ಓದಿ ಬಸ್ಸು ಹತ್ತಿ ಮನೆಗೆ ಬಂದೆ.”

ಕಾರ್ಲ್‌ನ ಕೈ ಹಾಳೆಗಳ ಮೇಲಿಂದ ಬಂದು ಅವನ ಕೈಯನ್ನು ಹಿಡಿಯಿತು. ಬಿಡಲಿಲ್ಲ.

ಆ ಭಾನುವಾರ ಕಾರ್ಲ್ ಸಂಜೆಯವರೆಗೂ ಹೊರಡಲಿಲ್ಲ.

* * *

ಮೇ ಕೊನೆಯಲ್ಲಿ ಒಂದು ಪತ್ರಿಕೆಯ ಹಾಳೆ ಬಿಡಿಸುವಾಗ ಖಾಲಿ ಲಕೋಟೆಯೊಂದು ಕೆಳಗೆ ಬಿತ್ತು. ಕಳಿಸಿದವರ ವಿಳಾಸ: ಭುಜಂಗ, ದೀಪಸ್ತಂಭದ ರಸ್ತೆ, ಕಾಪು.

ಜಿತೇಂದ್ರ ಅದನ್ನು ಎತ್ತಿಕೊಂಡು ಮತ್ತೆ ಓದಿದ. ಚಿತ್ರದಲ್ಲಿರುವ ಇನ್ನೊಬ್ಬರು ಇವರೇ ಆಗಿದ್ದರೆ… ಕಾರ್ಲ್‌ಗೆ ಹೇಳದೆ ಹೋಗಿ ಖಚಿತ ಮಾಡಿಕೊಂಡು ಬರೋಣ. ಎಷ್ಟು ಖುಷಿಪಡಬಹುದು ಅವನು.

ಗುರುತು ಹಿಡಿಯಲೆಂದು ೧೯೮೪ರ ಚಿತ್ರವನ್ನು ಪುಸ್ತಕದೊಳಗಿಟ್ಟುಕೊಂಡು ಕಾಪುವಿನ ಬಸ್ಸು ಹತ್ತಿದ.

ದೀಪಸ್ತಂಭದ ರಸ್ತೆಯಿಂದ ಒಳಗೆ ಆ ಮನೆ. ಜಗಲಿಯಲ್ಲಿ ಎಪ್ಪತ್ತು ದಾಟಿದ ಮುದುಕರೊಬ್ಬರು ಪೇಪರು ಓದುತ್ತಿದ್ದರು. ಅವರು ಕನ್ನಡಕ ಸರಿಮಾಡಿಕೊಂಡು ತಲೆಯೆತ್ತಿದ ಕೂಡಲೇ ಜಿತೇಂದ್ರನಿಗೆ ಗೊತ್ತಾಯಿತು. ಅದೇ ಕಣ್ಣು.

“ಶಿರ್ವದ ಸಿಪ್ರಿಯನ್‌ ಅವರ ಕಡೆಯಿಂದ…” ಎನ್ನುವಷ್ಟರಲ್ಲಿ ಮುದುಕರು ಎದ್ದುನಿಂತರು. ಒಳಗೆ ಸೊಸೆ ಪಾತ್ರೆ ತೊಳೆಯುವ ಸದ್ದು.

“ಓ, ಪಂಪು ರಿಪೇರಿಗೆ ಬಂದವರಾ?” ಗಟ್ಟಿಯಾಗಿ ಕೇಳಿದರು. “ಬನ್ನಿ, ಬನ್ನಿ. ಬಾವಿ ಹಿಂದೆ ಉಂಟು.”

ಬಾವಿಕಟ್ಟೆಯ ಹತ್ತಿರ ಬಂದು ದನಿ ತಗ್ಗಿಸಿದರು. “ಹೇಗಿದ್ದಾನೆ ಅವನು?”

ಜಿತೇಂದ್ರ ಅವರ ಮುಖ ನೋಡಿದ. ಇವರಿಗೆ ಗೊತ್ತೇ ಇಲ್ಲ…

“ಫೆಬ್ರವರಿಯಲ್ಲಿ ತೀರಿಕೊಂಡ್ರು.”

ಭುಜಂಗರು ಗೋಡೆಯ ಹತ್ತಿರ ನಡೆದುಹೋಗಿ ಪಂಪಿನ ಸ್ವಿಚ್ಚು ಹಾಕಿದರು. ಮೋಟಾರು ಗರ್ಜಿಸಿತು. ಆ ಸದ್ದಿನೊಳಗೆ ನಿಂತು, ಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅತ್ತರು. ಮನೆಯೊಳಗೆ ಯಾರಿಗೂ ಕೇಳದಂತೆ. ಟ್ಯಾಂಕಿ ತುಂಬಿ ನೀರು ಹೆಂಚಿನ ಮೇಲೆ ಸುರಿಯತೊಡಗಿದಾಗ ಸ್ವಿಚ್ಚು ಆರಿಸಿದರು.

“ತೊಂಬತ್ತೇಳರಲ್ಲಿ ಹೆಂಡತಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ. ಅವನು ಶಿರ್ವಕ್ಕೆ ಬಂದದ್ದು ಗೊತ್ತಿತ್ತು. ಬಸ್ಸಿನಲ್ಲಿ ಅರ್ಧ ಗಂಟೆ. ಇಪ್ಪತ್ತು ವರ್ಷ… ಹೋಗ್ಲಿಲ್ಲ ನಾನು. ಧೈರ್ಯ ಇರ್ಲಿಲ್ಲ.”

ಜಿತೇಂದ್ರ ಪುಸ್ತಕದೊಳಗಿನ ಚಿತ್ರ ತೆಗೆದು ತೋರಿಸಿದ. ಭುಜಂಗರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ಹಿಡಿದರು. ತಿರುಗಿ ಕೊಡಲು ಕೈ ಮುಂದೆ ಬರಲಿಲ್ಲ.

“ಇದೊಂದು ನನ್ನ ಹತ್ರ ಇರ್ಲಿ. ನನ್ನ ಹತ್ರ ಅವನದ್ದು ಎಂತದೂ ಇಲ್ಲ.”

ಮಾತು ಕೊಟ್ಟಿದ್ದೇನೆ, ಆಗುವುದಿಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ಹಾಗೆ ಹೇಳುವ ಶಕ್ತಿ ಅವನಿಗೆ ಇರಲಿಲ್ಲ.

“ಇರ್ಲಿ,” ಎಂದ.

“ನನ್ನ ಹೆಸರು ಮಾತ್ರ ಯಾರಿಗೂ ಹೇಳ್ಬೇಡಿ. ಅವನ ಮನೆಯವರಿಗೂ. ಮಗ, ಸೊಸೆ, ಮೊಮ್ಮಕ್ಕಳು ಇರುವ ಮನೆ ಇದು.”

ಹೇಳುವುದಿಲ್ಲವೆಂದು ಜಿತೇಂದ್ರ ಮಾತು ಕೊಟ್ಟ. ಬರುವಾಗ ಬಸ್ಸಿನಲ್ಲಿ ಅವನಿಗೆ ಹೊಳೆಯಿತು. ಒಂದು ಮಾತು ಮುರಿದು ಇನ್ನೊಂದು ಮಾತು ಕೊಟ್ಟು ಬಂದಿದ್ದ.

* * *

ಮಳೆ ಹಿಡಿಯಿತು. ತೇವಕ್ಕೆ ಹೆದರಿ ಜಿತೇಂದ್ರ ತನ್ನ ಇಪ್ಪತ್ತು ವರ್ಷದ ಸಂಗ್ರಹವನ್ನೂ ಆ ತಗಡಿನ ಟ್ರಂಕಿಗೇ ತುಂಬಿ, ನುಸಿಗುಳಿಗೆ ಹಾಕಿ ಇಟ್ಟಿದ್ದ.

ಜೂನ್ ಮಧ್ಯದ ಒಂದು ಸಂಜೆ ಕಾರ್ಲ್ ಬಂದ. ಕೊಡೆ ಇರಲಿಲ್ಲ. ಮೊಬೈಲನ್ನು ಮುಂದೆ ಹಿಡಿದ.

ಪರದೆಯ ಮೇಲೆ ೧೯೮೪. ಕೆಳಗೆ ಯಾರೋ ಬರೆದಿದ್ದರು: ‘ಶಿರ್ವದ ಸಿಪ್ರಿಯನ್ ಮತ್ತು ಅವನ ಹೆಂಡತಿ’. ನಗುವ ಮುಖಗಳ ಸಾಲು.

“ಊರಿಡೀ ವಾಟ್ಸಾಪ್‌ನಲ್ಲಿ ಉಂಟು ಇದು. ಅಮ್ಮ ಎರಡು ಭಾನುವಾರದಿಂದ ಪೂಜೆಗೆ ಹೋಗ್ಲಿಲ್ಲ. ಬಾಗಿಲು ಹಾಕಿ ಕೂತಿದ್ದಾರೆ.” ಮೊಬೈಲನ್ನು ಕಿಸೆಗೆ ತುರುಕಿದ. “ಈ ಚಿತ್ರ ನಿಮ್ಮ ಹತ್ರ ಅಲ್ಲದೆ ಬೇರೆ ಯಾರ ಹತ್ರವೂ ಇರ್ಲಿಲ್ಲ.”

“ಹೌದು.”

“ಯಾರಿಗೆ ಕೊಟ್ರಿ?”

ಪಂಪಿನ ಸದ್ದಿನೊಳಗೆ ನಿಂತ ಮುದುಕರು ಜಿತೇಂದ್ರನ ಕಣ್ಣೆದುರು ಬಂದರು. ಹೆಸರು ಹೇಳಿದರೆ ಈ ಸಿಟ್ಟು ನೇರ ಆ ಮನೆಯ ಜಗಲಿಗೆ ಹೋಗುತ್ತದೆ.

“ಕೊಟ್ಟೆ. ಯಾರಿಗೆ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

“ಮಾರಿದ್ರಾ?”

“ಇಲ್ಲ ಕಾರ್ಲ್.”

“ಮತ್ತೆ ಎಂತ? ಕಳ್ಳ ಕದ್ದ ಅಂತ ಹೇಳಿ. ಗಾಳಿಗೆ ಹಾರಿತು ಅಂತ ಹೇಳಿ. ಸುಳ್ಳಾದ್ರೂ ಹೇಳಿ ಮಾರಾಯ್ರೆ… ನಾನು ನಂಬ್ತೇನೆ.”

ಜಿತೇಂದ್ರ ತಲೆ ತಗ್ಗಿಸಿದ.

ಕಾರ್ಲ್ ಕೋಣೆಯೊಳಗೆ ಹೋಗಿ ಟ್ರಂಕನ್ನು ಎತ್ತಿಕೊಂಡ.

“ಅದರಲ್ಲಿ…” ಎಂದ ಜಿತೇಂದ್ರ. ಮಾತು ಮುರಿದವನು ತನ್ನ ಕಾಗದಗಳಿಗಾಗಿ ಯಾವ ಬಾಯಿಯಿಂದ ಬೇಡುವುದು?

ಮರುದಿನ ಒಂದು ಸಂದೇಶ ಬಂತು. ‘ಸುಟ್ಟೆ. ಇನ್ನು ನನಗೆ ಫೋನ್ ಮಾಡಬೇಡಿ.’

* * *

ಮನೆಯಲ್ಲಿ ಯಾರಾದರೂ ಸತ್ತಿದ್ದರೆ ಮುದ್ರಣಾಲಯದಲ್ಲಿ ರಜೆ ಕೊಡುತ್ತಿದ್ದರು. ನೆಂಟರು ಬರುತ್ತಿದ್ದರು. ಇದಕ್ಕೆ ಯಾರ ಹತ್ತಿರ ಹೇಳಿಕೊಂಡು ಅಳುವುದು?

ಜಿತೇಂದ್ರ ಕೆಲಸಕ್ಕೆ ಹೋದ. ಬೇರೆಯವರ ಪುಸ್ತಕಗಳಿಗೆ ದಾರ ಹಾಕಿ ಹೊಲಿದ. ತಿಂದರೆ ತಿಂದ, ಇಲ್ಲದಿದ್ದರೆ ಇಲ್ಲ. ಟ್ರಂಕಿದ್ದ ಜಾಗದಲ್ಲಿ ನೆಲದ ಮೇಲೆ ತುಕ್ಕಿನ ಚೌಕವೊಂದು ಉಳಿದಿತ್ತು. ಅದನ್ನು ಒರೆಸಲಿಲ್ಲ.

ಕಾರ್ಕಳದ ಆ ಒಬ್ಬನೂ ಬೆಂಕಿಗೆ ಹೋದ. ಆ ನಾಲ್ಕು ಸಾಲಿನಲ್ಲಿ ಒಂದು ಪದ ಈಗ ನೆನಪಿಗೆ ಬರುತ್ತಿರಲಿಲ್ಲ. ಎಷ್ಟು ಯೋಚಿಸಿದರೂ ಬರುತ್ತಿರಲಿಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ತಿಂದದ್ದು ಬೇರೆಯೇ. ಭಾನುವಾರ ಹತ್ತು ಗಂಟೆಯಾದರೆ ಸಾಕು, ಕಿವಿ ತಾನಾಗಿಯೇ ಮೆಟ್ಟಿಲ ಕಡೆಗೆ ಹೋಗುತ್ತಿತ್ತು.

ಜುಲೈ ಹೋಯಿತು. ಸೆಪ್ಟೆಂಬರ್ ಹೋಯಿತು.

ನವೆಂಬರ್ ಮೂರರಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು.

ಕಾರ್ಲ್ ನಿಂತಿದ್ದ. ಸೊರಗಿದ್ದ. ಕೈಯಲ್ಲಿ ಏನೂ ಇರಲಿಲ್ಲ.

“ನಿನ್ನೆ ಸತ್ತವರ ಹಬ್ಬ,” ಎಂದ. “ಮಾಮನ ಸಮಾಧಿಗೆ ಹೋಗಿದ್ದೆ. ಅಲ್ಲಿ ಒಬ್ರು ಅಜ್ಜ ಒಂದು ಚೆಂಡು ಶಂಕರಪುರ ಮಲ್ಲಿಗೆ ಹಿಡ್ಕೊಂಡು, ಯಾವುದು ಅವನ ಸಮಾಧಿ ಅಂತ ಗೊತ್ತಾಗದೆ ಒಂದೊಂದೇ ಹೆಸರು ಓದ್ತಾ ಇದ್ರು. ಮುಖ ನೋಡಿದ ಕೂಡಲೇ ಗೊತ್ತಾಯ್ತು ನನಗೆ.”

ಜಿತೇಂದ್ರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

“ಅವರೇ ಎಲ್ಲ ಹೇಳಿದ್ರು. ಸೊಸೆ ಗೊತ್ತಿಲ್ಲದೆ ‘ಮಾವನ ಹಳೇ ದೋಸ್ತಿ’ ಅಂತ ಊರಿನ ಗುಂಪಿಗೆ ಹಾಕಿದ್ದಂತೆ. ಅಲ್ಲಿಂದ ಯಾರೋ ಮಾಮನನ್ನು ಗುರುತು ಹಿಡಿದು ಗಲೀಜು ಬರೆದು ಕಳಿಸಿದ್ದು. ವಿಷಯ ಗೊತ್ತಾದ ಮೇಲೆ ಮಗ ಆ ಚಿತ್ರವನ್ನೂ ಹರಿದನಂತೆ.” ಕಾರ್ಲ್ ಉಸಿರು ಎಳೆದುಕೊಂಡ. “ಅವರ ಹೆಸರು ಹೇಳಿದ್ರೆ ನೀವು ಬಚಾವ್ ಆಗ್ತಿದ್ರಿ. ಹೇಳ್ಲಿಲ್ಲ ಯಾಕೆ?”

“ಕೊಟ್ಟ ಮಾತು. ಒಂದನ್ನಾದ್ರೂ ಉಳಿಸ್ಬೇಕಿತ್ತು.”

ಹಾಗಾದರೆ ಹತ್ತೊಂಬತ್ತರಲ್ಲಿ ಒಂದೂ ಉಳಿಯಲಿಲ್ಲ. ಜಿತೇಂದ್ರ ಮನಸ್ಸಿನೊಳಗೆ ಅದನ್ನು ಹೇಳಿಕೊಂಡ. ಅಳು ಬರಲಿಲ್ಲ. ಅಳುವಿಗಿಂತ ಆಚೆಯ ಜಾಗ ಅದು.

“ಇನ್ನೊಂದು ಹೇಳ್ಬೇಕು,” ಎಂದ ಕಾರ್ಲ್. “ಬಚ್ಚಲ ಒಲೆಗೆ ಹಾಕುವಾಗ ನಿಮ್ಮ ಅಕ್ಷರದ ಚೀಟಿಗಳು ಕಂಡವು. ನಿಮ್ಮದೂ ಅದರೊಳಗೆ ಉಂಟು ಅಂತ ಆಗ ಗೊತ್ತಾಯ್ತು. ಗೊತ್ತಾದ ಮೇಲೂ… ನಾನು ನಿಲ್ಲಿಸ್ಲಿಲ್ಲ, ಜಿತೇಂದ್ರ. ನಿಮಗೆ ನೋವಾಗ್ಲಿ ಅಂತಲೇ ಹಾಕಿದೆ.”

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

“ಇದನ್ನು ಹೇಳದೆ ಕೂಡ ಇರ್ಬಹುದಿತ್ತು ನೀವು,” ಎಂದ ಜಿತೇಂದ್ರ.

“ಇರ್ಬಹುದಿತ್ತು. ಮಾಮ ಹಾಗೇ ಇದ್ರು. ಆ ಅಜ್ಜನೂ ಹಾಗೇ ಇದ್ರು. ನಿನ್ನೆ ಆ ಅಜ್ಜ ಸಮಾಧಿ ಕಲ್ಲಿನ ಹತ್ರ ಮಾತಾಡ್ತಾ ಇದ್ರು… ಇಷ್ಟು ವರ್ಷದ್ದೆಲ್ಲ ಕಲ್ಲಿಗೆ ಹೇಳ್ತಾ ಇದ್ರು. ನನಗೆ ಹಾಗೆ ಆಗುದು ಬೇಡ.” ಕಾರ್ಲ್‌ನ ಕಣ್ಣು ತುಂಬಿತು. “ನನಗೆ ನೀವು ಬೇಕು. ಪ್ರೀತಿ ಅಂತ ಒಂದು ದಿನವೂ ಬಾಯಿ ಬಿಟ್ಟು ಹೇಳ್ಲಿಲ್ಲ ನಾನು. ಈಗ ಹೇಳ್ತಾ ಇದ್ದೇನೆ. ನೀವು ನನ್ನನ್ನು ಕ್ಷಮಿಸ್ತೀರಾ?”

ಜಿತೇಂದ್ರ ಅವನನ್ನೇ ನೋಡಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಇಲ್ಲ ಕಾರ್ಲ್. ಆಗುದಿಲ್ಲ ನನ್ನಿಂದ. ಯಾವತ್ತಾದ್ರೂ ಆಗ್ತದಾ ಅಂತ ಗೊತ್ತಿಲ್ಲ.”

ಕಾರ್ಲ್ ತಲೆಯಾಡಿಸಿದ. ಕಣ್ಣೊರೆಸಿಕೊಂಡ. “ಹಾಗಾದ್ರೆ ನಾನು ಹೊರಡ್ತೇನೆ,” ಎಂದು ಮೆಟ್ಟಿಲ ಕಡೆ ತಿರುಗಿದ.

ಎರಡು ಮೆಟ್ಟಿಲು. ಮೂರು.

“ಹೋಗ್ಬೇಡ.”

ಕಾರ್ಲ್ ನಿಂತ. ಬಹುವಚನ ಬಿಟ್ಟು ಜಿತೇಂದ್ರ ಅವನೊಂದಿಗೆ ಮಾತಾಡಿದ್ದು ಅದೇ ಮೊದಲು.

“ಎಂತ ಹೇಳಿದ್ರಿ?”

“ಹೋಗ್ಬೇಡ ಅಂದೆ. ಕ್ಷಮಿಸ್ಲಿಕ್ಕೆ ಆಗುದಿಲ್ಲ. ಆದ್ರೆ ನೀನು ಇಲ್ಲದೆ ಈ ಐದು ತಿಂಗಳು ಹೇಗಿದ್ದೆ ಅಂತ… ಅದನ್ನು ಹೇಳ್ಲಿಕ್ಕೆ ಕೂಡ ನೀನೇ ಬೇಕು ನನಗೆ. ಬೇರೆ ಯಾರಿದ್ದಾರೆ?”

ಕಾರ್ಲ್ ಮೆಟ್ಟಿಲು ಹತ್ತಿ ಮೇಲೆ ಬಂದ. ಜಿತೇಂದ್ರನ ಕೈ ಹಿಡಿದ.

“ನನಗೆ ಬಯ್ಯಿ,” ಎಂದ. “ದಿನಾ ಬಯ್ಯಿ. ನಾನು ಕೇಳ್ತೇನೆ.”

“ಬಯ್ತೇನೆ,” ಎಂದ ಜಿತೇಂದ್ರ. “ಒಳಗೆ ಬಾ.”