ಕಡಲೆ ಅಗಿದ ದೊರೆ

ಬಹಳ ಹಿಂದೆ ಹೊನ್ನಹೊಳೆ ಎಂಬ ರಾಜ್ಯವಿತ್ತು. ಅಲ್ಲಿ ಬಿಜ್ಜರಸನೆಂಬ ದೊರೆ. ಸುಗ್ಗಿಯ ದಿನ ದೊರೆ ಅರಮನೆಯ ಮೆಟ್ಟಿಲ ಮೇಲೆ ಕೂತು ಹುರಿದ ಕಡಲೆ ಅಗಿಯಬೇಕು, ಆ ಕಟುಂ ಕಟುಂ ಕೇಳಿದ ಮೇಲೇ ಕಣಜದ ಬಾಗಿಲು ತೆರೆಯಬೇಕು. ಇದು ಆ ನಾಡಿನ ಕಟ್ಟಳೆ.

ಜಂಭಕನೆಂಬ ಮಾಂತ್ರಿಕನ ಕಣ್ಣು ಆ ಕಣಜದ ಮೇಲೆ ಬಿತ್ತು. ಮಂತ್ರ ಊದಿದ. ದೊರೆಯ ಹಲ್ಲುಗಳು ಕವಡೆಗಳಾಗಿ ಉದುರಿದವು. ಉಳಿದದ್ದು ಎರಡೇ.

“ಮುಂದಿನ ಸುಗ್ಗಿಗೆ ಕಡಲೆ ಅಗಿಯದಿದ್ದರೆ ಕಣಜ ನನ್ನದು!” ಎಂದು ನಕ್ಕು ಮಾಯವಾದ.

ಜನ ಉಪವಾಸ ಬೀಳುತ್ತಾರಲ್ಲ ಎಂಬ ಸಂಕಟದಲ್ಲಿ ದೊರೆ ಹೊಸ ಹಲ್ಲು ಹುಡುಕಿಕೊಂಡು ಕಾಡಿಗೆ ಹೋದ. ಅಲ್ಲಿ ಮೊದಲು ಸಿಕ್ಕ ಜೇಡಕ್ಕ ಹೊಸ ಹಲ್ಲುಗಳನ್ನು ಚಿನ್ನದ ಎಳೆಯಿಂದ ಆ ಎರಡು ಹಲ್ಲಿಗೆ ಕಟ್ಟಿಕೊಟ್ಟಳು. ಬಾಳೆಹಣ್ಣು ತಿಂದ, ಸರಿಹೋಯಿತು. ಕಡಲೆ ಅಗಿದ, ಭಾರ ಹೊತ್ತ ಆ ಎರಡೂ ಕಿತ್ತು ಬಂದವು!

ಮುಂದೆ ಸಿಕ್ಕ ಆಮೆ ತನ್ನ ಚಿಪ್ಪು ಕೆತ್ತಿ ವಸಡಿನ ಮೇಲೆ ಕೂರುವ ಹಲ್ಲುಸೆಟ್ಟು ಮಾಡಿಕೊಟ್ಟ. ನಕ್ಕರೆ ಮದುಮಗನ ಕಳೆ. ಕಡಲೆ ಅಗಿದ, ಸೆಟ್ಟು ಚಂಗನೆ ನೆಲಕ್ಕೆ ಹಾರಿತು.

“ಚಂದಕ್ಕೇನೂ ಕಮ್ಮಿ ಇಲ್ಲ ದೊರೆ, ಹಿಡಿತಾನೇ ಇಲ್ಲ,” ಎಂದು ಆಮೆ ನಾಚಿಕೊಂಡ.

ಕೊನೆಗೆ ಆನೆಯಜ್ಜಿ ಸಿಕ್ಕಳು. “ಬಾಯಿ ತೆಗಿ ಮಗಾ,” ಎಂದವಳೇ ತನ್ನ ದಂತದ ತುದಿ ಮುರಿದು ಗೂಟಗಳನ್ನು ಮಾಡಿ ಅವನ ದವಡೆಯಲ್ಲಿ ನೆಟ್ಟಳು. “ಇವು ಬೇರು ಬಿಡೋ ತನಕ ಗಂಜಿ ಕುಡಿ. ಆಮೇಲೆ ಆಮೆಯ ಸೆಟ್ಟು ಇವುಗಳ ಮೇಲೆ ಕೂರಿಸು. ನಾಲ್ಕೇ ಕಾಳು ಹಾಕ್ಕೊಂಡು ಎರಡೂ ಕಡೆ ಅಗಿ.”

“ನಿನಗೇನು ಕೊಡಲಿ ಅಜ್ಜಿ?”

“ನನ್ನ ದವಡೆ ಹಲ್ಲೂ ಸವೆದಿವೆ ಮಗಾ. ಸುಗ್ಗಿ ದಿನ ನನ್ನಂಥವರನ್ನ ಮರೀಬೇಡ.”

ದೊರೆ ತಿಂಗಳುಗಟ್ಟಲೆ ಗಂಜಿ ಕುಡಿದ. ನಾಡಿನ ಬೊಚ್ಚುಬಾಯಿಯ ಅಜ್ಜ ಅಜ್ಜಿಯರು ಹೇಗೆ ಉಣ್ಣುತ್ತಾರೋ ಎಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಸುಗ್ಗಿ ಬಂತು. ಗೂಟಗಳ ಮೇಲೆ ಸೆಟ್ಟು ಕೂರಿಸಿಕೊಂಡ ದೊರೆ ಹಳೆಯ ರೂಢಿಯಂತೆ ಹಿಡಿ ಕಡಲೆ ಒಂದೇ ದವಡೆಗೆ ತುಂಬಿಕೊಂಡ. ಸೆಟ್ಟು ವಾಲಿತು. ಕಣಜ ವಶಮಾಡಿಕೊಳ್ಳಲು ಬಂದು ನಿಂತಿದ್ದ ಜಂಭಕ ಗಹಗಹಿಸಿದ. ದೊರೆಗೆ ಅಜ್ಜಿಯ ಮಾತು ನೆನಪಾಯಿತು. ಉಗುಳಿ, ನಾಲ್ಕೇ ಕಾಳು ಹಾಕಿಕೊಂಡು ಎರಡೂ ಕಡೆ ಅಗಿದ.

ಕಟುಂ! ಕಟುಂ!

ಮಂತ್ರ ತಿರುಗಿಬಿತ್ತು. ನಗುತ್ತಿದ್ದ ಜಂಭಕನ ಬಾಯಿಂದ ಕವಡೆಗಳು ಬಳಬಳ ಉದುರಿದವು.

ಕಣಜ ತೆರೆಯಿತು. ದೊರೆ ಕಡಲೆ ಬೀಸಿಸಿ, ಬೆಲ್ಲ ಬೆರೆಸಿದ ಹುರಿಹಿಟ್ಟಿನ ಮೊದಲ ಕೊಪ್ಪರಿಗೆಯನ್ನು ಆನೆಯಜ್ಜಿಗೆ ಇಟ್ಟ. ಅವಳ ಹಿಂದೆ ಬೊಚ್ಚುಬಾಯಿಯವರೆಲ್ಲ ಸಾಲುಗಟ್ಟಿದರು. ಸಾಲಿನ ಕೊನೆಯಲ್ಲಿ ತಲೆತಗ್ಗಿಸಿ ನಿಂತಿದ್ದವನು ಜಂಭಕ.

“ನಿನಗೂ ಹಸಿವಾಗಿದೆ ಅಲ್ವೇನೋ? ಬಾ,” ಎಂದು ದೊರೆ ಅವನಿಗೂ ಒಂದು ಬಟ್ಟಲು ತುಂಬಿಸಿ ಕೊಟ್ಟ.

ಅಂದಿನಿಂದ ಹೊನ್ನಹೊಳೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿದ್ದರು, ಹಲ್ಲಿದ್ದವರೂ, ಇಲ್ಲದವರೂ.